ಟವರಿಗೂ ಪಾಳಿ ಹಚ್ಚಿದ ದಿನ

ನನ್ನ ಮೊಮ್ಮಗಳಿಗೆ ನರ್ಸಿಂಗ್ ಸೀಟು ಸಿಕ್ಕಿದೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಹೊಟ್ಟೆಯಲ್ಲಿ ಇಟ್ಟುಕೊಳ್ಳಲು ಆಗುತ್ತಿಲ್ಲ. ಮೂರನೇ ಕ್ಲಾಸಿಗೇ ಶಾಲೆ ಬಿಟ್ಟವಳು ನಾನು. ಆ ಸೀಟು ಉಳಿಸಿದವಳೂ ನಾನೇ. ನಗುವವರು ನಗಲಿ.

ಬಿಳಿಚೋಡಿನ ಪಕ್ಕದ ಹಟ್ಟಿ ನಮ್ಮದು. ನಾಲ್ಕು ಓಣಿ, ಒಂದೇ ಟವರು. ಬಂದ ಸೀಟಿಗೆ ಮೊಬೈಲಿನಲ್ಲೇ ಒಪ್ಪಿಗೆ ಕೊಡಬೇಕಿತ್ತು. ಅಂದು ಸಂಜೆ ಐದಕ್ಕೆ ಗಡುವು. ಬೆಳಗಿನಿಂದ ಕರೆಂಟಿಲ್ಲ, ಟವರೂ ಸತ್ತು ಕೂತಿತ್ತು. ನಾಲ್ಕಕ್ಕೆ ಎರಡೂ ಬಂದವು. ಬಂದದ್ದೇ ತಡ, ಮನೆಮನೆಯಿಂದ ಮೊಬೈಲುಗಳು ಟಣ್ ಟಣ್ ಅನ್ನತೊಡಗಿದವು. ಮೊಮ್ಮಗಳ ಮೊಬೈಲಿನಲ್ಲಿ ಮಾತ್ರ ಚಕ್ರ ತಿರುಗುತ್ತಲೇ ಇತ್ತು. ಓಟಿಪಿ ಬರುವುದು, ಹಾಕಿದರೆ ಮುಂದಿನ ಪುಟ ತೆರೆಯದು, ಅಷ್ಟರಲ್ಲಿ ಓಟಿಪಿಯ ಆಯುಸ್ಸು ಮುಗಿಯುವುದು. ಮೂರು ಸಲ ಹೀಗಾದ ಮೇಲೆ ಅವಳು ಅಳಲು ಶುರು ಮಾಡಿದಳು.

ಹೊಸ್ತಿಲಲ್ಲಿ ನಿಂತು ಕಿವಿಗೊಟ್ಟೆ. ಓಣಿಯ ಟಣ್ ಟಣ್ ಕೊಂಚ ನಿಂತಾಗ ಪುಟ ಅರ್ಧ ತೆರೆಯುತ್ತಿತ್ತು. ಮತ್ತೆ ಶುರುವಾದರೆ ಅದೇ ಚಕ್ರ. ಈ ರೋಗ ನನಗೆ ಗೊತ್ತಿಲ್ಲದ್ದೇ? ನೀರು ಬಿಟ್ಟಾಗ ಎಲ್ಲರೂ ಒಟ್ಟಿಗೆ ನಲ್ಲಿ ತಿರುಗಿಸಿದರೆ ಕೊನೆಮನೆಗೆ ಬರೀ ಗಾಳಿ. ಅದಕ್ಕೇ ನಾವು ಹೆಂಗಸರು ಪಾಳಿ ಹಚ್ಚಿದ್ದು. ಆ ಪಾಳಿ ನೋಡಿಕೊಳ್ಳುವವಳು ನಾನೇ.

ಎದುರುಮನೆಯಾಕೆ ಮಗಳ ಸೀಮಂತದ ವಿಡಿಯೋವನ್ನು ಗ್ರೂಪಿಗೆ ಹಾಕಿದ್ದಳು. ಕಟ್ಟೆಯ ಮೇಲೆ ಏಳೆಂಟು ಹೆಂಗಸರು, ಎಲ್ಲರ ಕೈಯಲ್ಲೂ ಅದೇ.

“ಎಲ್ಲಾರೂ ನೆಟ್ ಬಂದ್ ಮಾಡ್ರಿ,” ಅಂದೆ.

“ಯಾಕ್ರೀ ದೊಡ್ಡಮ್ಮ, ನನ್ನ ಮಗಳ ಸೀಮಂತ ನೋಡಿದ್ರೆ ನಿಮಗೇನು ಹೊಟ್ಟೆಕಿಚ್ಚು?” ಅಂದಳು ಎದುರುಮನೆಯಾಕೆ.

“ನಿನ್ನ ಮಗಳ ಹೊಟ್ಟೆ ಇನ್ನೂ ಎರಡು ತಿಂಗಳು ಅಲ್ಲೇ ಇರ್ತೈತೆ. ನನ್ನ ಮೊಮ್ಮಗಳ ಸೀಟು ಐದಕ್ಕೆ ಹೋಗ್ತೈತೆ!”

ಅವಳೂ ಸೇರಿ ಎಲ್ಲರೂ ನಕ್ಕರು. “ಟವರಿಗೂ ಪಾಳಿ ಹಚ್ಚಾಕೆ ಆಗ್ತೈತೇನ್ರಿ?”

“ಇವತ್ತಿಂದ ಆಗ್ತೈತೆ. ಬಂದ್ ಮಾಡದೇ ಇದ್ದೋರ್ನ ನಾಳೆ ನಲ್ಲಿ ಹತ್ರ ನೋಡ್ಕಂತೀನಿ.”

ಕಟ್ಟೆ ಬಂದ್ ಆಯಿತು. ಉಳಿದ ಮೂರು ಓಣಿಗಳಲ್ಲೂ ಬಾಗಿಲು ಬಡಿಯುತ್ತಾ ಹೋದೆ. ಮೊಣಕಾಲು ನೋವೆಲ್ಲಿತ್ತೋ ಆಗ! ತಿರುಗಿ ಬರುವಷ್ಟರಲ್ಲಿ ಹಟ್ಟಿಯೆಲ್ಲ ಗಪ್‌ಚಿಪ್. ಐದಕ್ಕೆ ಏಳು ನಿಮಿಷ ಇದೆ ಅನ್ನುವಾಗ ಮೊಮ್ಮಗಳು ಒಳಗಿನಿಂದ ಚೀರಿದಳು: “ಅಜ್ಜೀ, ಆಯ್ತು! ಸೀಟು ನಂದೇ!”

ಟವರು ತಾನಾಗೇ ಸರಿಹೋಗಿರಬೇಕು ಎಂದು ನನ್ನ ಮಗ ಇವತ್ತಿಗೂ ವಾದಿಸುತ್ತಾನೆ. ಡಿಗ್ರಿ ಓದಿದವನು, ವಾದಿಸಲಿ. ಕೊಡ ಹಿಡಿದು ಒಂದು ದಿನವೂ ನಿಂತವನಲ್ಲ.

ಸಕ್ಕರೆ ಡಬ್ಬಿಯನ್ನೇ ಎತ್ತಿಕೊಂಡು ಕಟ್ಟೆಗೆ ಓಡಿದೆ. ಹೆಂಗಸರು ಮೊಬೈಲುಗಳನ್ನು ಮಡಿಲಲ್ಲಿಟ್ಟುಕೊಂಡು ಇನ್ನೂ ಹಾಗೇ ಕೂತಿದ್ದರು. ಎದುರುಮನೆಯಾಕೆ ಬಾಯಿಗೆ ಸಕ್ಕರೆ ಹಾಕಿಕೊಂಡು ಕೇಳಿದಳು:

“ಇನ್ನಾದ್ರೂ ನೆಟ್ ಹಚ್ಚಾಕೆ ಅಪ್ಪಣೆ ಐತೇನ್ರಿ?”

“ಐತೆ. ಒಬ್ಬೊಬ್ರೇ ಹಚ್ರಿ,” ಅಂದೆ. “ಮೊದ್ಲು ನೀನು.”