ಚೌಕಳಿ ಕಾಗದದ ತೋಳು

ಮೊಮ್ಮಗಳ ರವಿಕೆಗೆ ಅಳತೆ ಕಾಗದ ಹುಡುಕಲು ಇವತ್ತು ಹೊಲಿಗೆ ಯಂತ್ರದ ಡ್ರಾಯರು ಎಳೆದೆ. ಹಳೆಯ ಕಾಗದದ ಮುಗ್ಗಲು ವಾಸನೆ ಬಂತು. ನೀವಾಗಿದ್ದರೆ ಮೂಗು ಮುಚ್ಚಿಕೊಳ್ಳುತ್ತಿದ್ದಿರಿ. ನನಗೆ ಮಾತ್ರ ರೈಟರ್ ಶಾಂತಪ್ಪನವರು ನೆನಪಾದರು.

ಅವರು ಗೋಣಿಬೀಡಿನ ಹತ್ತಿರ ಬಿಳಿ ದೊರೆಯೊಬ್ಬನ ಎಸ್ಟೇಟಿನಲ್ಲಿ ಲೆಕ್ಕಪತ್ರ ಬರೆಯುವ ರೈಟರಾಗಿದ್ದರು. ದಿನಾ ಬೆಳಿಗ್ಗೆ ಮಳೆಮಾಪಕದ ನೀರು ಅಳೆದು ಬರೆಯುವುದು ಅವರ ಮೊದಲ ಕೆಲಸ. ಸಂಜೆಯದು ಸ್ವಂತ ಹುಚ್ಚು: ಮಂಗಳೂರಿನಿಂದ ಟಪಾಲಿನಲ್ಲಿ ಬರುವ ಕಾಫಿ ದರವನ್ನು ಚೌಕಳಿ ಕಾಗದದ ಮೇಲೆ ಚುಕ್ಕೆಯಿಟ್ಟು ಗೆರೆ ಎಳೆಯುವುದು. ಛಂದಸ್ಸು ಕಲಿಯುವಾಗ ಮಾತ್ರೆಗಳ ಲೆಕ್ಕದಲ್ಲಿ ಸಿಕ್ಕ ಸಂಖ್ಯೆಗಳು ಅವರ ತಲೆ ಹೊಕ್ಕಿದ್ದವು. ಒಂದು, ಎರಡು, ಮೂರು, ಐದು, ಎಂಟು. ಹಿಂದಿನ ಎರಡನ್ನು ಕೂಡಿದರೆ ಮುಂದಿನದು. ದರ ಏರಿಳಿಯುವುದೂ ಇದೇ ಲೆಕ್ಕದಲ್ಲಿ ಎಂದು ಅವರ ನಂಬಿಕೆ. ದೊರೆಯ ಪುಸ್ತಕದಲ್ಲಿ ಇವಕ್ಕೆ ಯಾರೋ ಇಟಲಿಯವನ ಹೆಸರಿದೆ ಎಂದು ಅವರಿಗೆ ಸಣ್ಣ ಸಿಟ್ಟೂ ಇತ್ತು.

ಆ ವರ್ಷ ನಮ್ಮ ತುಂಡು ತೋಟದ ಮೊದಲ ಫಸಲು, ತೊಳೆದು ಒಣಗಿಸಿದ ಆರು ಚೀಲ ಪಾರ್ಚ್‌ಮೆಂಟು ಕಾಫಿ. ಅದನ್ನು ಮಾರಿ ನನಗೆ ಹೊಲಿಗೆ ಯಂತ್ರ ಕೊಡಿಸುವುದೆಂದು ಯಜಮಾನರು ಒಪ್ಪಿದ್ದರು. ರೈಟರ ಚೌಕಳಿಯಲ್ಲಿ ಎಂಟು ಮನೆ ಹತ್ತಿದ್ದ ದರ ಮೂರು ಮನೆ ಇಳಿಯಿತು. ಯಜಮಾನರು ಮಾರೋಣ ಎಂದರು. ನಾನು ಮಹಾ ಬುದ್ಧಿವಂತೆ, ರೈಟರ ಬಳಿಗೆ ಓಡಿದೆ.

"ಮಾರ್ಬೇಡಿ ತಂಗಿ. ಎಂಟು ಹತ್ತಿದ್ದು ಐದು ಇಳ್ದು ತಿರುಗ್ತದೆ. ಇನ್ನೆರಡು ಮನೆ ತಡೀರಿ ಮಾರಾಯ್ತಿ."

ತಡೆದೆವು. ಮುಂಗಾರು ಹಿಡಿಯಿತು. ದರ ಸರಿಯಾಗಿ ಐದು ಮನೆ ಇಳಿದು ತಿರುಗಿತು. ಶಾಂತಪ್ಪನವರು ಕಾಗದವನ್ನು ಅಂಗಿಯೊಳಗೆ ಸಿಕ್ಕಿಸಿಕೊಂಡು ಮಳೆಯಲ್ಲೇ ಬಂದರು. ಅವರೆದುರೇ ಚೀಲ ಬಿಚ್ಚಿದೆವು. ನಮ್ಮದು ಮಣ್ಣಿನ ನೆಲದ ಕೊಟ್ಟಿಗೆ; ಶೀತ ಹೀರಿದ ಕಾಫಿ ಬಿಳಿಚಿಕೊಂಡು ಮುಗ್ಗಿತ್ತು. ಕೊಳ್ಳುವವರಿರಲಿ, ಮೂಸುವವರೂ ಸಿಗುವಂತಿರಲಿಲ್ಲ.

"ದಿನಾ ಮಳೆ ಅಳೆಯೋನು ನಾನೇ," ಎಂದರು ಅವರು. "ಈ ಕಾಗ್ದಕ್ಕೆ ಒಂದಿನಾನೂ ಅದನ್ನ ತರ್ಲಿಲ್ವಲ್ಲ."

ಮರುದಿನ ಅವರ ಗಾಡಿ ಬಂತು. ತಮ್ಮ ಮನೆಯ ಹಲಗೆ ಅಟ್ಟದಲ್ಲಿ ಬೆಚ್ಚಗಿದ್ದ ಸ್ವಂತದ ಆರು ಚೀಲ ಕಾಫಿ ಇಳಿಸಿ, ನಮ್ಮ ಆರನ್ನು ಏರಿಸಿಕೊಂಡರು. "ಗೆರೆ ಎಳ್ದೋನು ನಾನು. ಮುಗ್ಗಲು ನಿಮಗ್ಯಾಕೆ?"

ಬೇಡ ಎನ್ನಬೇಕಿತ್ತು. ಅನ್ನಲಿಲ್ಲ. ಯಂತ್ರದ ಆಸೆ ಅಷ್ಟಿತ್ತು.

ವರ್ಷಗಳ ಮೇಲೆ ಕೆಲಸ ಬಿಟ್ಟು ಊರಿಗೆ ಹೊರಟಾಗ, ರವಿಕೆಯ ಅಳತೆ ಕತ್ತರಿಸಲು ಆಗುತ್ತದೆಂದು ಆ ಕಾಗದಗಳ ಕಟ್ಟನ್ನು ನನಗೆ ಕೊಟ್ಟರು. ನಾನು ತೋಳು, ಕತ್ತು, ಬೆನ್ನು ಎಂದು ಕತ್ತರಿಸುತ್ತಲೇ ಹೋದೆ. ಮಳೆ ಮರೆತ ರೈಟರ ಕಥೆಯನ್ನು ಬಂದವರಿಗೆಲ್ಲ ಹೇಳಿ ನಗಿಸಿದೆ. ಚೀಲ ಬದಲಾದ ವಿಷಯ ಮಾತ್ರ ನನ್ನ ಬಾಯಿಂದ ಬರಲಿಲ್ಲ.

ಇವತ್ತು ಒಂದು ತೋಳನ್ನು ಬೆಳಕಿಗೆ ಹಿಡಿದೆ. ಅದು ಆಮೇಲಿನ ವರ್ಷದ ಕಾಗದ. ಕಪ್ಪು ಶಾಯಿಯಲ್ಲಿ ದರ. ಅದರ ಕೆಳಗೆ ನೀಲಿ ಶಾಯಿಯಲ್ಲಿ ಮಳೆ. ನೀಲಿ ಗೆರೆ ತಲೆಯೆತ್ತುವಲ್ಲಿ ಸಣ್ಣ ಅಕ್ಷರ: "ಮಣ್ಣಿನ ನೆಲದವರು ಇಷ್ಟರೊಳಗೆ ಮಾರ..." ಮುಂದಿನದು ನನ್ನ ಕತ್ತರಿಗೆ ಹೋಗಿದೆ. ಉಳಿದ ತುಂಡುಗಳನ್ನೂ ತಿರುವಿದೆ. ಅಲ್ಲಿಂದೀಚಿನ ಎಲ್ಲದರಲ್ಲೂ ಆ ನೀಲಿ ಗೆರೆಯಿತ್ತು.

"ಯಾರಜ್ಜಿ ಇದನ್ನ ಬರ್ದಿದ್ದು?" ಎಂದಳು ಮೊಮ್ಮಗಳು.

ಕೂರಿಸಿಕೊಂಡು ಹೇಳಿದೆ. ಈ ಸಲ ಆರು ಚೀಲವನ್ನೂ ಸೇರಿಸಿ.