ಬಾಗಿಯ ಕಾಂಡ್ಲಾ ಬೇಲಿ

ಬಸ್ರೂರಿನ ಹೊಳೆದಡದಲ್ಲಿದ್ದ ಬಾಗಿಯ ಹಿತ್ತಲು ಮಳೆಗಾಲಕ್ಕೊಮ್ಮೆ ಒಂದಿಷ್ಟು ಕುಗ್ಗುತ್ತಿತ್ತು. ಮೀನು ಮಾರಿ ಬಂದು ಬುಟ್ಟಿ ತೊಳೆಯುವ ಕಲ್ಲನ್ನು ಹೊಳೆ ನುಂಗಿತು. ಆಮೇಲೆ ಕಾಯಿ ಬಿಡುತ್ತಿದ್ದ ತೆಂಗಿನಮರವೂ ಹೋಯಿತು. ಕಲ್ಲು ಪೇರಿಸಿ ಕಟ್ಟಿದ ದಂಡೆ ಒಂದೇ ನೆರೆಗೆ ಕುಸಿದಾಗ, ಆಚೆ ದಡದ ಮಣ್ಣು ಮಾತ್ರ ಕಾಂಡ್ಲಾ ಗಿಡಗಳ ಬೇರಿನ ಜಾಲದ ಹಿಂದೆ ಅಲುಗದೆ ಕೂತಿರುವುದು ಅವಳ ಕಣ್ಣಿಗೆ ಬಿತ್ತು. ಉಬ್ಬರಕ್ಕೆ ಕಡಲಿಂದ ಹೊಳೆಗೆ ನುಗ್ಗುವ ಉಪ್ಪುನೀರಿನಲ್ಲೇ ಬೆಳೆಯುವ ಗಿಡ. ದೋಣಿಯಲ್ಲಿ ಹೋಗಿ, ಕೋಲಿನಂಥ ಅದರ ಹಸಿರು ಬೀಜಗಳನ್ನು ತನ್ನ ದಡದಲ್ಲೂ ನೆಡಲೆಂದು ಬುಟ್ಟಿ ತುಂಬ ತಂದು ಅಡುಗೆಮನೆ ಬಾಗಿಲಲ್ಲಿಟ್ಟು ಮಾರುಕಟ್ಟೆಗೆ ಹೊರಟಳು.

ಗಂಡ ಚಂದ್ರ ಮುಂಬೈ ಹೋಟೆಲುಗಳಲ್ಲಿ ಸಾಂಬಾರು ಕುದಿಸುತ್ತಲೇ ಕೂದಲು ಹಣ್ಣಾಗಿ ಊರಿಗೆ ಮರಳಿದವನು. ಅವತ್ತು ಹೆಂಡತಿಯನ್ನು ಖುಷಿಪಡಿಸುವ ಮನಸ್ಸಾಯಿತು.

ಮಧ್ಯಾಹ್ನ ಬಂದ ಬಾಗಿ ಕೇಳಿದಳು: "ಹ್ವಾಯ್, ಬಾಗ್ಲಲ್ಲಿ ಇಟ್ಟದ್ದ್ ಎಲ್ಲಿತ್ತ್?"

"ನುಗ್ಗೆಕಾಯಿಯಾ? ಕುಕ್ಕರ್ ಕೂಗಿ ಕೂಗಿ ಸಾಕಾಯ್ತ್. ಎಂತ ಜಾತಿದ್ದೋ, ಮೆತ್ತಗೇ ಆತಿಲ್ಲ."

"ಅಯ್ಯೋ! ನೀವ್ ಬೇಯ್ಸದ್ದ್ ನಮ್ ಹಿತ್ಲ್ ಮರಾಯ್ರೆ!"

ಚಂದ್ರ ಒಂದು ತುಂಡು ಬಾಯಿಗಿಟ್ಟ. ಒಗರಿಗೆ ನಾಲಿಗೆ ಅಂಗುಳಕ್ಕೆ ಅಂಟಿತು. ಆದರೂ ಸೋಲೊಪ್ಪಲಿಲ್ಲ: "ಒಂಚೂರ್ ಬೆಲ್ಲ ಹಾಕ್ರೆ ಸರಿಯಾತ್."

ಪಕ್ಕದ ಮನೆಯ ಚಂದ್ರಮತಿ ಇದನ್ನು ಕುಂದಾಪುರದ ಬಸ್ಸಿನ ತುಂಬ ಹೇಳಿದಳು. ಸಿಕ್ಕವರೆಲ್ಲ "ಇವತ್ತ್ ಎಂತ ಸಾಂಬಾರ್?" ಎನ್ನತೊಡಗಿದಾಗ, ಚಂದ್ರ ತಾನೇ ಬೀಜ ತರುತ್ತೇನೆಂದು ಇಳಿತದ ಹೊತ್ತಿಗೆ ಆಚೆ ದಡಕ್ಕೆ ಹೋಗಿ, ಸೊಂಟದವರೆಗೆ ಕೆಸರಲ್ಲಿ ಹೂತುಹೋದ. ಬಾಯಿಂದ ಹಿಂದಿ ಬೈಗುಳ ಹೊರಟಿತು. ಬಾಗಿ, ಚಂದ್ರಮತಿ ಇಬ್ಬರೂ ದೋಣಿಯಲ್ಲಿ ಹೋಗಿ ಬಲೆಯ ಹಗ್ಗ ಎಸೆದು ಎಳೆದರು. ಚಂದ್ರ ಬಂದ, ಲುಂಗಿ ಬರಲಿಲ್ಲ. ಬೀಜದ ಕಟ್ಟನ್ನು ಮಾತ್ರ ತಲೆಯ ಮೇಲೆ ಎತ್ತಿ ಹಿಡಿದೇ ಇದ್ದ. ನಕ್ಕು ನಕ್ಕು ಸುಸ್ತಾದ ಬಾಗಿಗೆ ಅದನ್ನು ಕಂಡು ಕಣ್ಣು ಒದ್ದೆಯಾಯಿತು. ತನ್ನ ತಲೆಗೆ ಸುತ್ತಿಕೊಂಡಿದ್ದ ಬೈರಾಸು ಬಿಚ್ಚಿ ಸೊಂಟಕ್ಕೆ ಸುತ್ತಿಕೊಳ್ಳಲು ಕೊಟ್ಟಳು.

ಗಂಡ ಹೆಂಡತಿ ಸೇರಿ ಹಿತ್ತಲ ದಡದ ಕೆಸರಿನಲ್ಲಿ ಸಾಲಾಗಿ ಬೀಜ ಊರಿದರು. ಅಲೆಯ ಹೊಡೆತ ತಪ್ಪಲೆಂದು ಮುಂದೆ ಬಿದಿರಿನ ಗೂಟ ನೆಟ್ಟು ತೆಂಗಿನಗರಿ ಹೆಣೆದರು. ಮೊದಲ ನೆರೆ ಅರ್ಧ ಒಯ್ದಿತು. ಬೈಯುತ್ತಲೇ ಮತ್ತೆ ನೆಟ್ಟರು. ಮೂರನೇ ಮಳೆಗಾಲ ಕಳೆದಾಗ ಹಿತ್ತಲು ಇದ್ದಲ್ಲೇ ಇತ್ತು; ಬೇರುಗಳ ನಡುವೆ ಹೂಳು ಕೂಡ ಕಟ್ಟಿತ್ತು.

ಈಗ ಗಿಡಗಳ ತುಂಬ ಕೊಕ್ಕರೆ. ಬಾಗಿ ಒಣಮೀನು ಹರಡುವುದನ್ನೇ ಕಾಯುತ್ತವೆ. ಅವಳು ಅಂಗಳ ಗುಡಿಸುವ ಹಿಡಿಸೂಡಿ ಬೀಸುತ್ತ ಕೂಗುತ್ತಾಳೆ: "ಕೂಕಂಬುಕೆ ಜಾಗ ಕೊಟ್ಟದ್ದೇ ಹೆಚ್ಚ್, ಊಟವೂ ಬೇಕಾ ನಿಮ್ಗೆ?"