ಅಂಗಿಗೊಂದೇ ಕಾಲರು

ಓರಗಿತ್ತಿಯ ಮೇಜಿನ ಮೇಲಿನ ರಾಶಿಯನ್ನು ಓರೆಗಣ್ಣಿನಲ್ಲಿ ಅಳೆಯುತ್ತಾ ದೊಡ್ಡ ಸೊಸೆ ತನ್ನ ಸೆರಗಿನ ಅಂಚನ್ನೇ ಕಾಲರಿಗೆ ಸೇರಿಸಿ ಹೊಲಿದುಬಿಟ್ಟಳು. ನೀರು ಕುಡಿಯಲು ಎದ್ದರೆ ಕಾಲರೂ ಜೊತೆಗೆ ಹೊರಟಿತು.

"ಏನಕ್ಕ, ಅದನ್ನೂ ಮನೆಗೆ ಕರ್ಕೊಂಡು ಹೋಗ್ತಿದ್ದೀರಾ?" ಎಂದಳು ಗುಂಡಿ ಹಚ್ಚುವವಳು. ಇಡೀ ಕಾರ್ಖಾನೆ ನಕ್ಕಿತು. ಚಿಕ್ಕ ಸೊಸೆ ಮಾತ್ರ ನಗಲಿಲ್ಲ. ಎದ್ದು ಬಂದು ನಾಜೂಕಾಗಿ ದಾರ ಬಿಡಿಸಿ ಹೋದಳು. ಅವಳೂ ನಕ್ಕಿದ್ದರೆ ಎಷ್ಟೋ ವಾಸಿಯಿತ್ತು.

ಆ ಅಂಗಿ ಕಾರ್ಖಾನೆಯಲ್ಲಿ ದೊಡ್ಡವಳು ಹಳಬಳು. ಪಕ್ಕದ ಯಂತ್ರ ಖಾಲಿಯಾದಾಗ ಬೇರೆ ಕಾರ್ಖಾನೆಯ ಕೆಲಸ ಬಿಟ್ಟು ಕೂತಿದ್ದ ಓರಗಿತ್ತಿಗೆ ಶಿಫಾರಸು ಮಾಡಿದ್ದೂ ಅವಳೇ. ಆ ಪುಣ್ಯಕ್ಕೆ ಈಗ ದಿನಾ ಪಶ್ಚಾತ್ತಾಪ. ಎಲ್ಲರೂ ಒಂದು ಕಾಲರು ಹೊಲಿದು, ದಾರ ಕತ್ತರಿಸಿ, ಇನ್ನೊಂದನ್ನು ಎತ್ತಿಕೊಳ್ಳುವರು. ಚಿಕ್ಕವಳು ಕತ್ತರಿಸುತ್ತಲೇ ಇರಲಿಲ್ಲ. ಒಂದರ ಬೆನ್ನಿಗೆ ಒಂದನ್ನು ಸೂಜಿಯ ಬಾಯಿಗೆ ತಳ್ಳುವಳು. ಕಾಲರುಗಳು ಹಗ್ಗಕ್ಕೆ ಒಣಹಾಕಿದ ಬಟ್ಟೆಯಂತೆ ಸಾಲಾಗಿ ಹೊರಬೀಳುವುವು. ಬಿಡಿಸುವುದೆಲ್ಲ ಕೊನೆಗೆ, ಒಂದೇ ಸಲ.

"ನೋಡಿ ಕಲೀರಮ್ಮ," ಎನ್ನುವನು ಮೇಸ್ತ್ರಿ. ಮನೆಗೆ ಬಂದರೆ ಅತ್ತೆಯದೂ ಅದೇ ರಾಗ: "ಚಿಕ್ಕೋಳ ಕೈ ಏನು ಚುರುಕು!" ದೊಡ್ಡವಳ ಹೊಟ್ಟೆಯೊಳಗೆ ಇಸ್ತ್ರಿಪೆಟ್ಟಿಗೆ ಕಾದಂತಾಗುತ್ತಿತ್ತು. ಅದರ ಅಡಿಯಲ್ಲಿ ಒಂದು ಭಯ: ನಿಧಾನದವಳು ಸಾಕು ಎಂದು ತನ್ನನ್ನೇ ಮನೆಗೆ ಕಳಿಸಿದರೆ?

ಕದ್ದು ನೋಡಿ ನೋಡಿ ಕಲಿತೇಬಿಟ್ಟಳು. ನಮ್ಮಲ್ಲಿ ಎಷ್ಟೋ ಜನ ಸೈಕಲ್ ಕಲಿತದ್ದೂ ಷಡ್ಡಕನ ಮೇಲಿನ ಹೊಟ್ಟೆಕಿಚ್ಚಿಗೇ ಅಲ್ಲವೇ?

ಈಗ ದಿನದ ಕಾಲರೆಲ್ಲ ಮಧ್ಯಾಹ್ನಕ್ಕೇ ಮುಗಿಯತೊಡಗಿತು. ಹೊಗಳಿಕೆಗೆ ಕಿವಿ ನಿಮಿರಿಸಿಕೊಂಡು ದೊಡ್ಡವಳು ಕೂತಳು. ಮೇಸ್ತ್ರಿ ರಾಶಿ ನೋಡಿ ತಲೆ ಕೆರೆದುಕೊಂಡ.

"ಅಂಗಿ ಕೊಳ್ಳೋರೇನೂ ಜಾಸ್ತಿಯಾಗಿಲ್ಲ ಕಣಮ್ಮ. ಅಂಗಿಗೊಂದೇ ಕಾಲರು. ಇನ್ನು ಇಲ್ಲಿಗೆ ಒಬ್ಬರು ಸಾಕು."

"ಯಾರು?" ದೊಡ್ಡವಳು ಎದ್ದು ನಿಂತಳು.

"ಇಬ್ಬರದೂ ಈಗ ಒಂದೇ ವೇಗ. ಅಂದ್ಮೇಲೆ ಹಳಬರೇ ಇರಲಿ."

ಗೆದ್ದಳು. ಆದರೆ ಚಿಕ್ಕವಳು ಊಟದ ಡಬ್ಬಿ ಎತ್ತಿಕೊಂಡು, ಹಟ್ಟಹಗಲಲ್ಲೇ ನಿರಾಳವಾಗಿ ಹೊರಟದ್ದನ್ನು ಕಂಡು ಮತ್ತೆ ಉರಿಯಿತು. ಅಳಬೇಕಾದವಳು ಅಳುವುದೂ ಇಲ್ಲವೆಂದರೆ? ಇನ್ನು ತನ್ನೊಬ್ಬಳ ಪಾಲಿಗೇ ಬಿದ್ದ ಎರಡೂ ಯಂತ್ರದ ಕೆಲಸವನ್ನು ಹಾಗೇ ಬಿಟ್ಟು ಬಾಗಿಲವರೆಗೂ ಹಿಂದೆ ಓಡಿದಳು.

"ಅಲ್ಲ ಕಣೇ, ಇಂಥಾ ಚುರುಕು ಕೈನ ನಿನ್ನ ಹಿಂದಿನ ಕಾರ್ಖಾನೆಯೋರು ಅದ್ಹೇಗೆ ಬಿಟ್ಟುಕೊಟ್ರು?"

ಚಿಕ್ಕವಳು ಚಪ್ಪಲಿಗೆ ಕಾಲು ತೂರಿಸುತ್ತಾ ಹೇಳಿದಳು: "ಅಲ್ಲೂ ಪಕ್ಕದೋಳು ನೋಡ್ಕೊಂಡು ಕಲಿತುಬಿಟ್ಳು, ಅಕ್ಕ."